ಕೋಳಿ ಅಂಗಡಿಯಿಂದ ಒಲೆಯವರೆಗೆ: ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದ ಮನೆಯವರನ್ನು ಕಾಪಾಡುವ ಬಗೆ

ನಮ್ಮ ಊರುಗಳಲ್ಲಿ ಕೋಳಿಮಾಂಸವೆಂದರೆ ಬಹುಮಟ್ಟಿಗೆ ಕಣ್ಣೆದುರಿಗೇ ಕೊಯ್ದು ಕೊಟ್ಟ ಮಾಂಸ. ಪಂಜರದಲ್ಲಿರುವ ಫಾರಂ ಕೋಳಿಯೊಂದನ್ನು ತೋರಿಸಿ, ತೂಕ ಹಾಕಿಸಿ, ಅಂಗಡಿಯವರು ತುಂಡು ಮಾಡಿಕೊಟ್ಟದ್ದನ್ನು ಮನೆಗೆ ತರುತ್ತೇವೆ. ಸಂತೆಗೆ ಹೋದವರು ಕಾಲು ಕಟ್ಟಿದ ನಾಟಿ ಕೋಳಿಯನ್ನು ಜೀವಂತವಾಗಿಯೇ ಹಿಡಿದು ಬರುತ್ತಾರೆ. ಹೀಗೆ ಕೊಳ್ಳುವುದರಿಂದ ಮಾಂಸ ಹಳಸಿಲ್ಲವೆಂಬುದು ಖಚಿತವಾಗುತ್ತದೆ. ಆದರೆ ಆ ಕೋಳಿಯ ಕರುಳಿನಲ್ಲಿ ಆ್ಯಂಟಿಬಯಾಟಿಕ್‌ಗಳಿಗೆ ಸಾಯದ ಇ.ಕೊಲೈ, ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳಿವೆಯೇ ಎಂಬುದನ್ನು ತಾಜಾತನ ಹೇಳುವುದಿಲ್ಲ. ಅವುಗಳನ್ನು ಹೊತ್ತ ಕೋಳಿ ಚುರುಕಾಗಿ ಓಡಾಡಿಕೊಂಡು ಪೂರ್ತಿ ಆರೋಗ್ಯವಾಗಿಯೇ ಕಾಣಬಹುದು. ಆದ್ದರಿಂದ ಪ್ರತಿ ಕೋಳಿಯಲ್ಲಿಯೂ ಅವು ಇವೆಯೆಂದೇ ಭಾವಿಸಿ ಕೆಲಸ ಮಾಡುವುದು ಸರಿಯಾದ ಕ್ರಮ.

ಮೊದಲು ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಕೋಳಿಗೆ ಕೊಟ್ಟ ಔಷಧವು ಅದರ ಮಾಂಸದಲ್ಲಿ, ಪಿತ್ತಜನಕಾಂಗದಲ್ಲಿ ಸ್ವಲ್ಪ ಉಳಿದಿರುವುದು ಒಂದು. ಆ ಔಷಧವನ್ನು ಜಯಿಸಿ ಬದುಕುಳಿದ ಬ್ಯಾಕ್ಟೀರಿಯಾ ಕೋಳಿಯ ಕರುಳು, ಚರ್ಮ, ಪುಕ್ಕಗಳ ಮೇಲೆ ಇರುವುದು ಇನ್ನೊಂದು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2014ರಲ್ಲಿ ದೆಹಲಿ ಸುತ್ತಮುತ್ತಲಿನ ಕೋಳಿಮಾಂಸದ 70 ಮಾದರಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಶೇ 40ರಷ್ಟರಲ್ಲಿ ಔಷಧದ ಉಳಿಕೆ ಇತ್ತೆಂದು ಪ್ರಕಟಿಸಿದ್ದು ಮೊದಲನೆಯದರ ಕುರಿತು. ಔಷಧದ ಉಳಿಕೆ ಬೇಯಿಸಿದರೂ ಪೂರ್ತಿ ಹೋಗುತ್ತದೆಂಬ ಭರವಸೆಯಿಲ್ಲ. ಅದನ್ನು ತಡೆಯಬೇಕಾದದ್ದು ಸಾಕಣೆ ಕೇಂದ್ರದಲ್ಲಿ. ಬ್ಯಾಕ್ಟೀರಿಯಾದ ವಿಷಯ ಹಾಗಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಕೂಡ ಬೆಂಕಿಯ ಕಾವಿಗೆ ಉಳಿದವುಗಳಂತೆಯೇ ಸಾಯುತ್ತದೆ. ಹಾಗಾಗಿ ಚೆನ್ನಾಗಿ ಬೆಂದ ಸಾರಿಗಿಂತ, ಬೇಯುವ ಮುಂಚೆ ಮಾಂಸವನ್ನು ಮುಟ್ಟಿದ ಕೈ, ಚಾಕು, ಮಣೆ, ನಲ್ಲಿ ಮತ್ತು ಮಸಿಬಟ್ಟೆಗಳೇ ಹೆಚ್ಚು ಅಪಾಯಕಾರಿ. ಈ ಬರಹದ ಬಹುಪಾಲು ಸೂಚನೆಗಳು ಅಂಗಡಿಗೂ ಒಲೆಗೂ ನಡುವಿನ ಈ ಹಾದಿಗೆ ಸಂಬಂಧಿಸಿದವು.

ಇಷ್ಟು ಎಚ್ಚರಿಕೆ ಏಕೆ ಬೇಕೆಂಬುದಕ್ಕೆ ಕೊಲಿಸ್ಟಿನ್‌ನ ಕಥೆಯನ್ನು ತಿಳಿದರೆ ಸಾಕು. ಬೇರೆ ಯಾವ ಔಷಧವೂ ಕೆಲಸ ಮಾಡದಿದ್ದಾಗ ತೀವ್ರ ನಿಗಾ ಘಟಕದಲ್ಲಿ ವೈದ್ಯರು ಕೊನೆಯದಾಗಿ ಬಳಸುವ ಔಷಧಗಳಲ್ಲಿ ಇದೂ ಒಂದು. ಇದೇ ಔಷಧವನ್ನು ಕೋಳಿ, ಹಂದಿಗಳು ಬೇಗ ಕೊಬ್ಬಲೆಂದು ಮೇವಿನಲ್ಲಿ ಬೆರೆಸಲಾಗುತ್ತಿತ್ತು. ಕೊಲಿಸ್ಟಿನ್‌ಗೆ ಪ್ರತಿರೋಧ ಕೊಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟಬಲ್ಲ ಎಂಸಿಆರ್-1 ಎಂಬ ಜೀನ್ ಚೀನಾದ ಹಂದಿಗಳಲ್ಲಿ, ಮಾರಾಟದ ಮಾಂಸದಲ್ಲಿ ಮತ್ತು ರೋಗಿಗಳಲ್ಲಿ ಪತ್ತೆಯಾಗಿದೆಯೆಂದು 2015ರ ನವೆಂಬರಿನಲ್ಲಿ ಅಲ್ಲಿನ ವಿಜ್ಞಾನಿಗಳು ವರದಿ ಮಾಡಿದರು. 2017ರಲ್ಲಿ ಚೀನಾ ಈ ಔಷಧವನ್ನು ಮೇವಿನಲ್ಲಿ ಬೆಳವಣಿಗೆಗಾಗಿ ಬಳಸುವುದನ್ನು ನಿಲ್ಲಿಸಿತು; ಮುಂದಿನ ವರ್ಷಗಳಲ್ಲಿ ಅಲ್ಲಿನ ಪ್ರಾಣಿಗಳಲ್ಲಿಯೂ ಮನುಷ್ಯರಲ್ಲಿಯೂ ಈ ಪ್ರತಿರೋಧ ಇಳಿಯಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ತಯಾರಿಸುವುದನ್ನೂ ಮಾರುವುದನ್ನೂ ಭಾರತ 2019ರ ಜುಲೈನಲ್ಲಿ ನಿಷೇಧಿಸಿತು. ಬಳಕೆ ನಿಂತರೆ ಪ್ರತಿರೋಧ ಇಳಿಯುತ್ತದೆಂಬುದು ಇದರಿಂದ ತಿಳಿದುಬರುವ ಸಮಾಧಾನದ ಸಂಗತಿ.

ಅಂಗಡಿಯಲ್ಲಿ

ಪಂಜರಗಳನ್ನು ಮೊದಲು ನೋಡಿ. ಒಂದರ ಮೇಲೊಂದು ಪೇರಿಸಿದ ಪಂಜರಗಳ ನಡುವೆ ತಟ್ಟೆಯಿಲ್ಲದಿದ್ದರೆ ಮೇಲಿನ ಕೋಳಿಗಳ ಹಿಕ್ಕೆ ಕೆಳಗಿನವುಗಳ ಮೈಮೇಲೂ ನೀರಿನ ಬಟ್ಟಲಿಗೂ ಬೀಳುತ್ತದೆ. ಬೇರೆಬೇರೆ ಫಾರಂಗಳಿಂದ ಬಂದ ಹಕ್ಕಿಗಳ ಬ್ಯಾಕ್ಟೀರಿಯಾ ಒಂದಕ್ಕೊಂದು ಸೇರುವುದು ಹೀಗೆ. ಪುಕ್ಕ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಕುಳಿತ, ಹಿಂಬದಿಯಲ್ಲಿ ಹಿಕ್ಕೆ ಮೆತ್ತಿಕೊಂಡ, ಬಾಯಿ ತೆರೆದು ಏದುಸಿರು ಬಿಡುವ ಕೋಳಿಗಳಿದ್ದರೆ ಆ ಪಂಜರದ ಯಾವ ಕೋಳಿಯನ್ನೂ ಕೊಳ್ಳಬೇಡಿ.

ಕೊಯ್ಯುವ ಜಾಗಕ್ಕೆ ಇನ್ನೂ ಹೆಚ್ಚಿನ ಗಮನ ಕೊಡಬೇಕು. ಕೋಳಿಯನ್ನು ಬಿಸಿನೀರಿನಲ್ಲಿ ಅದ್ದಿ, ಪುಕ್ಕ ಕೀಳುವ ಯಂತ್ರಕ್ಕೆ ಹಾಕುವ ಅಂಗಡಿಗಳಲ್ಲಿ ಬೆಳಗಿನಿಂದಲೂ ಒಂದೇ ನೀರಿದ್ದರೆ, ಒಂದು ಕೋಳಿಯ ಹಿಕ್ಕೆಯಲ್ಲಿದ್ದದ್ದು ಮುಂದಿನ ಎಲ್ಲ ಕೋಳಿಗಳ ಚರ್ಮಕ್ಕೂ ಹತ್ತುತ್ತದೆ. ಆದ್ದರಿಂದ ಅಂಗಡಿ ತೆರೆದ ಹೊತ್ತಿಗೆ, ನೀರು ಹೊಸದಾಗಿರುವಾಗ, ಮಾಂಸ ಕಡಿಯುವ ಮರದ ದಿಮ್ಮಿ ತೊಳೆದಿರುವಾಗಲೇ ಹೋಗುವುದು ಒಳ್ಳೆಯದು. ಚರ್ಮ ಸುಲಿದು ಕೊಡಲು ಹೇಳಿದರೆ ಚರ್ಮಕ್ಕೆ ಅಂಟಿದ್ದರಲ್ಲಿ ಬಹಳಷ್ಟು ಅಲ್ಲಿಯೇ ಉಳಿಯುತ್ತದೆ. ಕರುಳನ್ನು ಹರಿಯದೆ ಇಡಿಯಾಗಿ ತೆಗೆಯುವಂತೆ, ಅದು ಒಡೆದರೆ ಆ ಭಾಗವನ್ನು ಬೇರೆ ಮಾಡುವಂತೆ ಕೇಳಿಕೊಳ್ಳಿ. ಇದನ್ನು ವಿನಯದಿಂದ ಹೇಳಿದರೆ ಬೇಸರಪಡುವ ಅಂಗಡಿಯವರು ಕಡಿಮೆ. ದಿನವಿಡೀ ಬರಿಗೈಯಲ್ಲಿ ಈ ಕೆಲಸ ಮಾಡುವ ಅವರಿಗೇ ಸೋಂಕಿನ ಅಪಾಯ ನಮಗಿಂತ ಹೆಚ್ಚು ಎಂಬುದನ್ನು ನಾವು ಮರೆಯಬಾರದು.

ಮಕ್ಕಳನ್ನು ಕರೆದುಕೊಂಡು ಹೋಗಿದ್ದರೆ ಪಂಜರ ಮುಟ್ಟಲು ಬಿಡಬೇಡಿ. ಮಾಂಸ ಕಟ್ಟಿದ ತೆಳು ಕವರ್ ಸೋರುವುದು ಸಾಮಾನ್ಯವಾದ್ದರಿಂದ ಬಿಗಿ ಮುಚ್ಚಳದ ಡಬ್ಬಿಯನ್ನು ಮನೆಯಿಂದಲೇ ಒಯ್ಯಿರಿ. ತರಕಾರಿ, ಕೊತ್ತಂಬರಿ ಸೊಪ್ಪು, ಹಣ್ಣುಗಳಿರುವ ಚೀಲದಲ್ಲಿ ಅದನ್ನು ಇಡಬೇಡಿ. ಸಂತೆಯಿಂದ ಜೀವಂತ ಕೋಳಿ ತಂದವರು ಅದನ್ನು ಅಡುಗೆಮನೆಯ ಹೊರಗೆ, ಬಾವಿ ಮತ್ತು ನೀರಿನ ತೊಟ್ಟಿಗಳಿಂದ ದೂರದಲ್ಲಿ ಕೊಯ್ದು, ಪುಕ್ಕ, ಕರುಳುಗಳನ್ನು ನಾಯಿಗಳು ಕೆದಕದಷ್ಟು ಆಳಕ್ಕೆ ಹೂಳಬೇಕು. ನಾಟಿ ಕೋಳಿಯಾದ ಮಾತ್ರಕ್ಕೆ ಇಂಥ ಬ್ಯಾಕ್ಟೀರಿಯಾ ಇರುವುದಿಲ್ಲ ಎನ್ನಲಾಗದು. ಊರಿನ ಚರಂಡಿ, ತಿಪ್ಪೆಗಳಲ್ಲಿ ಮೇಯುವ ಕೋಳಿಗೂ ಅವು ತಗಲುತ್ತವೆ.

ತೊಳೆಯುವ ವಿಚಾರ

ಮಾಂಸವನ್ನು ತೊಳೆಯದೆ ಒಲೆಯ ಮೇಲಿಡುವುದು ನಮ್ಮ ಮನೆಗಳಲ್ಲಿ ಒಪ್ಪುವ ಮಾತಲ್ಲ. ಆದರೂ ಅಮೆರಿಕದ ಕೃಷಿ ಇಲಾಖೆ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಇಲ್ಲಿ ಹೇಳಲೇಬೇಕು. ಅಪಾಯವಿಲ್ಲದ ಬ್ಯಾಕ್ಟೀರಿಯಾ ಸವರಿದ ಕೋಳಿಮಾಂಸವನ್ನು ಕೊಟ್ಟು ಅಡುಗೆ ಮಾಡಿಸಿ ನೋಡಿದಾಗ, ಮಾಂಸ ತೊಳೆದವರಲ್ಲಿ ಶೇ 60ರಷ್ಟು ಜನರ ಸಿಂಕಿನಲ್ಲಿ ಆ ಬ್ಯಾಕ್ಟೀರಿಯಾ ಇತ್ತು, ಶೇ 26ರಷ್ಟು ಜನರ ಹಸಿ ಸೊಪ್ಪಿನ ಸಲಾಡಿಗೂ ಅದು ದಾಟಿತ್ತು. ಮಾಂಸ ತೊಳೆಯದವರಲ್ಲಿಯೂ ಶೇ 31ರಷ್ಟು ಜನರ ಸಲಾಡಿನಲ್ಲಿ ಅದು ಸಿಕ್ಕಿತು. ಅವರು ಮಾಂಸ ಮುಟ್ಟಿದ ಕೈಯನ್ನು ಸರಿಯಾಗಿ ತೊಳೆದಿರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಕೊನೆಯ ಅಂಕಿಯೇ ಮುಖ್ಯ. ಮಾಂಸಕ್ಕಿಂತ ಕೈಯನ್ನು ತೊಳೆಯುವುದು ಹೆಚ್ಚು ಅಗತ್ಯ.

ತೊಳೆಯಲೇಬೇಕೆಂದರೆ ನಲ್ಲಿಯ ಕೆಳಗೆ ಹಿಡಿಯಬೇಡಿ, ಏಕೆಂದರೆ ಹನಿಗಳು ಸುತ್ತಲಿನ ಪಾತ್ರೆಗಳ ಮೇಲೆ ಸಿಡಿಯುತ್ತವೆ. ಅಗಲವಾದ ಆಳದ ಪಾತ್ರೆಯಲ್ಲಿ ಮೊದಲೇ ನೀರು ತುಂಬಿಟ್ಟು, ತುಂಡುಗಳನ್ನು ನಿಧಾನವಾಗಿ ಅದರಲ್ಲಿ ಇಳಿಸಿ ಆಡಿಸಿ, ಆ ನೀರನ್ನು ಎತ್ತರದಿಂದ ಸುರಿಯದೆ ಸಿಂಕಿನ ತೂತಿನ ಬಳಿಯೇ ಚೆಲ್ಲಿರಿ. ಅರಿಸಿನ, ಉಪ್ಪು, ನಿಂಬೆರಸ ಹಚ್ಚುವುದರಿಂದ ವಾಸನೆ ಹೋಗುತ್ತದೆ, ರುಚಿ ಬರುತ್ತದೆ. ಬ್ಯಾಕ್ಟೀರಿಯಾ ಸಾಯುತ್ತದೆಂದು ಮಾತ್ರ ಅವನ್ನು ನಂಬಬೇಡಿ. ಫ್ರೀಜರ್‌ನಲ್ಲಿಟ್ಟರೂ ಬಹಳಷ್ಟು ಬದುಕುಳಿಯುತ್ತವೆ.

ಹಸಿಯಾಗಿ ತಿನ್ನುವ ಸೌತೆಕಾಯಿ, ಈರುಳ್ಳಿ, ನಿಂಬೆಹಣ್ಣು ಮತ್ತು ಕೊನೆಯಲ್ಲಿ ಉದುರಿಸುವ ಕೊತ್ತಂಬರಿಯನ್ನು ಮಾಂಸಕ್ಕೆ ಕೈ ಹಾಕುವ ಮುಂಚೆಯೇ ಹೆಚ್ಚಿ ಮುಚ್ಚಿಡಿ. ಈಳಿಗೆಮಣೆಯಾಗಲಿ ಚಾಕುವಾಗಲಿ ಮಾಂಸಕ್ಕೆ ಬೇರೆಯೇ ಇರಲಿ; ಒಂದೇ ಇದ್ದರೆ ಸೋಪು ಹಾಕಿ ಉಜ್ಜಿ, ಕುದಿಯುವ ನೀರು ಹೊಯ್ದು, ಪೂರ್ತಿ ಒಣಗಿಸಿ ಮತ್ತೆ ಬಳಸಿ. ಮಾಂಸ ಮುಟ್ಟಿದ ಕೈಯಲ್ಲಿ ಮಸಾಲೆ ಡಬ್ಬಿ, ಉಪ್ಪಿನ ಭರಣಿ, ಮೊಬೈಲ್ ಮುಟ್ಟದಂತೆ, ಬೇಕಾದಷ್ಟು ಮಸಾಲೆಯನ್ನು ಮೊದಲೇ ತಟ್ಟೆಗೆ ತೆಗೆದಿಟ್ಟುಕೊಳ್ಳಿ. ಕೈಯನ್ನು ಸೋಪಿನಿಂದ ಕನಿಷ್ಠ 20 ಸೆಕೆಂಡು ಉಜ್ಜಿ ತೊಳೆಯಿರಿ. ಕಟ್ಟೆ ಒರೆಸಿದ ಮಸಿಬಟ್ಟೆಯನ್ನು ಅಂದೇ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ.

ಬೇಯಿಸುವುದು

ಮಾಂಸದ ಅತಿ ದಪ್ಪ ಭಾಗದ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಈ ಬ್ಯಾಕ್ಟೀರಿಯಾಗಳು ಉಳಿಯುವುದಿಲ್ಲ. ಕುದಿಯುವ ಸಾರಿನಲ್ಲಿ, ಕುಕ್ಕರಿನಲ್ಲಿ ಮೆತ್ತಗೆ ಬೆಂದ ಮಾಂಸಕ್ಕೆ ಚಿಂತೆಯಿಲ್ಲ. ಎಚ್ಚರ ಬೇಕಿರುವುದು ಕಬಾಬ್ ಮತ್ತು ಸುಟ್ಟ ಕೋಳಿಗೆ: ಹೊರಗೆ ಬೇಗ ಕೆಂಪಾಗಿ ಗರಿಗರಿಯಾದರೂ ಮೂಳೆಯ ಪಕ್ಕದಲ್ಲಿ ಹಸಿ ಉಳಿದಿರಬಹುದು, ಮಸಾಲೆಯ ಕೆಂಪು ಬಣ್ಣದಲ್ಲಿ ಅದು ಕಾಣದೆಯೂ ಹೋಗಬಹುದು. ತುಂಡುಗಳನ್ನು ಚಿಕ್ಕದಾಗಿಸಿ, ದೊಡ್ಡ ತೊಡೆಗಳಿಗೆ ಮೂಳೆಯವರೆಗೆ ಸೀಳು ಹಾಕಿ ಬೇಯಿಸಿ. ಹಸಿ ಮಾಂಸ ನೆನೆಸಿದ ಮಸಾಲೆಯನ್ನು ಬೆಂದ ಮಾಂಸದ ಮೇಲೆ ಸುರಿಯಬೇಡಿ.

ಮನೆಯಲ್ಲೇ ನಾಲ್ಕಾರು ಕೋಳಿ ಸಾಕುವವರು ಮರಿಗಳಿಗೆ ಕಾಯಿಲೆ ಬರದಿರಲೆಂದು ಔಷಧದಂಗಡಿಯಿಂದ ಆ್ಯಂಟಿಬಯಾಟಿಕ್ ಪುಡಿ ತಂದು ನೀರಿಗೆ ಬೆರೆಸುವುದನ್ನು ದಯವಿಟ್ಟು ನಿಲ್ಲಿಸಬೇಕು. ಪಶುವೈದ್ಯರು ಔಷಧ ಕೊಟ್ಟಿದ್ದರೆ, ಅದನ್ನು ನಿಲ್ಲಿಸಿದ ಮೇಲೆ ಎಷ್ಟು ದಿನ ಕಾಯಬೇಕೆಂದು ಕೇಳಿ ತಿಳಿಯಿರಿ. ಭಾರತದ 2012ರ ನಿಯಮದಂತೆ, ಔಷಧದ ಪೊಟ್ಟಣದ ಮೇಲಿನ ಚೀಟಿಯಲ್ಲಿ ಆ ಅವಧಿ ಬೇರೆಯಾಗಿ ಹೇಳಿರದಿದ್ದರೆ ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಕಾಯಬೇಕು. ಫಾರಂ ಕೋಳಿ ಮಾರಾಟಕ್ಕೆ ಬರುವುದು ಸುಮಾರು ಆರು ವಾರಕ್ಕೇ ಆದ್ದರಿಂದ, ಈ 28 ದಿನಗಳೆಂದರೆ ಅದರ ಬಾಳಿನ ಬಹುಪಾಲು.

ಮನೆಯಲ್ಲಿ ಯಾರಿಗಾದರೂ ಭೇದಿಯಾದರೆ

ಹೆಚ್ಚಿನವರಿಗೆ ಓಆರ್‌ಎಸ್ ಕುಡಿಸಿ ದೇಹದ ನೀರು ಕಡಿಮೆಯಾಗದಂತೆ ನೋಡಿಕೊಂಡರೆ ಕೆಲವೇ ದಿನಗಳಲ್ಲಿ ವಾಸಿಯಾಗುತ್ತದೆ. ಹಿಂದಿನ ಸಲ ಉಳಿದ ಆ್ಯಂಟಿಬಯಾಟಿಕ್ ಮಾತ್ರೆಯನ್ನು ನುಂಗಿಸಬೇಡಿ. ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಮೇಲೆ ಕೆಂಪು ಗೆರೆಯಿರುವ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದು. ಆ್ಯಂಟಿಬಯಾಟಿಕ್ ಮಾತ್ರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ಔಷಧಕ್ಕೆ ಬಗ್ಗದವುಗಳಿಗೆ ಜಾಗ ಮಾಡಿಕೊಡುತ್ತದೆ. ಮಲದಲ್ಲಿ ರಕ್ತ, ಹೆಚ್ಚು ಜ್ವರ, ಮೂರು ದಿನಕ್ಕೂ ನಿಲ್ಲದ ಭೇದಿ ಇದ್ದರೆ, ಅಥವಾ ರೋಗಿಯು ಕೂಸು, ಗರ್ಭಿಣಿ, ವೃದ್ಧರಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಈಚೆಗೆ ಯಾವ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದರು, ಕೋಳಿ ಕೊಯ್ದಿದ್ದರೇ ಅಥವಾ ಹಸಿ ಮಾಂಸ ಮುಟ್ಟಿದ್ದರೇ ಎಂಬುದನ್ನು ವೈದ್ಯರಿಗೆ ತಿಳಿಸಿ, ಔಷಧ ಶುರು ಮಾಡುವ ಮುಂಚೆ ಮಲದ ಕಲ್ಚರ್ ಪರೀಕ್ಷೆ ಬೇಕೇ ಎಂದು ಕೇಳಿ. ಯಾವ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಬಗ್ಗುತ್ತದೆಂದು ಆ ಪರೀಕ್ಷೆಯಿಂದ ತಿಳಿಯುತ್ತದೆ. ಮೊದಲೇ ಮಾತ್ರೆ ನುಂಗಿದ್ದರೆ ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ಬೆಳೆಯದೆ ಫಲಿತಾಂಶ ತಪ್ಪಬಹುದು.