ದ್ರಾಕ್ಷಿಯ ಬೇರುಸಸಿ ಮತ್ತು ತಳಿ: ನನ್ನ ಅನುಭವ

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ಬೋರ್‌ವೆಲ್ ನೀರು ಸವುಳಾದಂತೆಲ್ಲ ಕಸಿ ಮಾಡದೆ ಸ್ವಂತ ಬೇರಿನ ಮೇಲೆ ಬೆಳೆದ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ಬಳ್ಳಿಗಳ ಎಲೆಯಂಚು ಸುಟ್ಟು, ಇಳುವರಿ ಕುಗ್ಗತೊಡಗಿತು. ಆ ಕಾರಣದಿಂದಲೇ ನಮ್ಮ ಹೊಲಕ್ಕೆ ಡಾಗ್‌ರಿಡ್ಜ್ ಎಂಬ ಬೇರುಸಸಿ (ಬೇರಿಗಾಗಿ ನೆಟ್ಟು, ಮೇಲೆ ಬೇಕಾದ ತಳಿಯನ್ನು ಕಸಿ ಮಾಡುವ ಸಸಿ) ಬಂತು. ನೀರು ತುಸು ಚೆನ್ನಾಗಿರುವ ಇನ್ನೊಂದು ಪ್ಲಾಟಿನಲ್ಲಿ 110 ಆರ್ ಎಂಬ ಬೇರೆ ಬೇರುಸಸಿ ನೆಟ್ಟೆ.

ಫೆಬ್ರುವರಿ, ಮಾರ್ಚ್‌ನಲ್ಲಿ ನೆಟ್ಟ ಬೇರುಸಸಿಯ ಕಾಂಡ ಪೆನ್ಸಿಲ್ ದಪ್ಪಕ್ಕೆ ಬಂದ ಮೇಲೆ, ಗಾಳಿಯಲ್ಲಿ ತೇವವಿರುವ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಹೊಲದಲ್ಲಿಯೇ ಬೆಣೆ ಕಸಿ ಮಾಡುತ್ತೇವೆ. ನೆಲದಿಂದ ಒಂದು ಅಡಿಗಿಂತ ತುಸು ಮೇಲೆ ಕಾಂಡ ಕತ್ತರಿಸಿ, ನಡುವೆ ಸೀಳಿ, ಎರಡು ಕಣ್ಣಿನ ಕಸಿಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ, ಒಂದು ಬದಿಯ ತೊಗಟೆಯಾದರೂ ತೊಗಟೆಗೆ ಸರಿಯಾಗಿ ಕೂಡುವಂತೆ ಇಳಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಬೇಕು. ಕಸಿಗಂಟು ಮಣ್ಣಿನಲ್ಲಿ ಮುಚ್ಚಿಹೋದರೆ ಮೇಲಿನ ತಳಿಯೇ ಬೇರು ಬಿಡುತ್ತದೆ, ಬೇರುಸಸಿಗೆ ಹಾಕಿದ ಖರ್ಚು ನೀರುಪಾಲಾಗುತ್ತದೆ. ಮಣ್ಣು ಏರಿಸುವ ಆಳುಗಳಿಗೆ ಇದನ್ನು ಪ್ರತಿ ಸಲವೂ ಹೇಳಲೇಬೇಕು.

ಡಾಗ್‌ರಿಡ್ಜ್ ಬರವನ್ನೂ ಸವುಳನ್ನೂ ತಾಳುತ್ತದೆ, ಆದರೆ ಅದರ ಸೊಕ್ಕು ಸಣ್ಣದಲ್ಲ. ಏಪ್ರಿಲ್ ಚಾಟ್ನಿಯ (ಬಳ್ಳಿ ಸವರುವಿಕೆಯ) ನಂತರ ಕಣ್ಣಿನೊಳಗೆ ಗೊನೆ ರೂಪುಗೊಳ್ಳುವ ಹೊತ್ತಿನಲ್ಲಿ ಬಳ್ಳಿ ಬರೀ ಹಸಿರು ಕುಡಿಗಳನ್ನೇ ತಳ್ಳುತ್ತ ಹೋದರೆ ಚಪ್ಪರದೊಳಗೆ ನೆರಳಾಗಿ, ಅಕ್ಟೋಬರ್ ಚಾಟ್ನಿಯ ಮೇಲೆ ಗೊನೆಯ ಬದಲು ನುಲಿಬಳ್ಳಿ (ಆಸರೆಗೆ ಸುತ್ತಿಕೊಳ್ಳುವ, ಕಾಯಿ ಬಿಡದ ಎಳೆ) ಕಾಣಿಸಿಕೊಳ್ಳುತ್ತದೆ. ಥಾಮ್ಸನ್‌ನಲ್ಲಿ ಈ ಕಾಟ ಹೆಚ್ಚು. ಆ ದಿನಗಳಲ್ಲಿ ಯೂರಿಯಾ, ನೀರು ಎರಡನ್ನೂ ತಗ್ಗಿಸಿ, ಕುಡಿಯನ್ನು ಏಳನೆಯ ಎಲೆಯ ಮೇಲೆ ಚಿವುಟಿ ಉಪಕಡ್ಡಿ (ಪಕ್ಕದ ಕವಲು) ಬರಿಸಿದರೆ ಮಾತ್ರ ಅದು ಹತೋಟಿಗೆ ಬರುತ್ತದೆ. 110 ಆರ್ ಮೇಲಿನ ಬಳ್ಳಿ ಹದವಾಗಿ ಬೆಳೆಯುತ್ತದೆ. ಅದರ ಎಲೆತೊಟ್ಟಿನ ಪರೀಕ್ಷೆಯಲ್ಲಿ ಸೋಡಿಯಂ ಕಡಿಮೆಯಿದ್ದು, ಪೊಟ್ಯಾಶ್ ಚೆನ್ನಾಗಿತ್ತು.

ಒಣದ್ರಾಕ್ಷಿಗೆ ನಾನು ಥಾಮ್ಸನ್ ಮತ್ತು ಮಾಣಿಕ್ ಚಮನ್ ತಳಿಗಳನ್ನು ಇಟ್ಟುಕೊಂಡಿದ್ದೇನೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ಬರಬೇಕಾದರೆ ಸಿಹಿ 22 ಬ್ರಿಕ್ಸ್ (ರಸದಲ್ಲಿನ ಸಕ್ಕರೆಯ ಅಳತೆ) ದಾಟಬೇಕು. ಅದಕ್ಕಿಂತ ಮೊದಲು ಕೊಯ್ದವರಿಗೆ ತೂಕವೂ ಇಲ್ಲ, ಬಣ್ಣವೂ ಇಲ್ಲ. ಸೋನಾಕಾ ತಳಿಯ ಉದ್ದ ಕಾಳಿಗೆ ದರ ಸಿಗುವುದು ನಿಜ, ಆದರೆ ನಮ್ಮಲ್ಲಿ ಅದರ ಇಳುವರಿ ಥಾಮ್ಸನ್‌ಗಿಂತ ಕಡಿಮೆಯೇ. ಹೊಸದಾಗಿ ನೆಡುವವರು ಪಕ್ಕದ ತೋಟ ನೋಡಿ ಸಸಿಗೆ ಮುಂಗಡ ಕೊಡುವುದಕ್ಕಿಂತ, ಬೇಸಿಗೆಯ ಬೋರ್‌ವೆಲ್ ನೀರನ್ನು ಮೊದಲು ಪರೀಕ್ಷೆಗೆ ಕಳಿಸುವುದು ಲೇಸು. ಮಳೆಗಾಲದ ನೀರಿನಲ್ಲಿ ಸವುಳು ತೆಳುವಾಗಿ ಕಾಣುತ್ತದೆ.