ಅಗ್ಗದ 55-250 ಲೆನ್ಸಿನಲ್ಲಿ ಕನೆಹಲಗೆಯ ನೀರು ಹಿಡಿದದ್ದು

"ಕಂಬಳಕ್ಕೆ 70-200 ಎಫ್/2.8 ಬೇಕು. ಇದರಲ್ಲಿ ಕೋಣದ ಬಾಲವೂ ಸಿಗುವುದಿಲ್ಲ ಮಾರಾಯ." ಮೂಡುಬಿದಿರೆಯ ಕರೆಯ (ಕೋಣ ಓಡುವ ಕೆಸರು ಗದ್ದೆಯ) ಬದಿಯಲ್ಲಿ ಗೆಳೆಯನೊಬ್ಬ ಹೀಗೆ ಹೇಳಿದ್ದ. ಹೆಚ್ಚು ಬೆಳಕು ಹಿಡಿಯುವ ಆ ಲೆನ್ಸ್ ಹೊಸದು ಲಕ್ಷದ ಮೇಲೆ. ನನ್ನ ಕ್ಯಾನನ್ 55-250 ಎಸ್‌ಟಿಎಂ ಸೆಕೆಂಡ್ ಹ್ಯಾಂಡ್, ಸುಮಾರು 9 ಸಾವಿರ ಕೊಟ್ಟಿದ್ದೆ. ಮೂರು ಸೀಸನ್ ಹೋಯಿತು. ಈಗ ಅದರಲ್ಲೇ ಕನೆಹಲಗೆಯ, ಅಂದರೆ ತೂತಿರುವ ಹಲಗೆಯ ಮೇಲೆ ನಿಂತು ಕೋಣ ಓಡಿಸುವ ಓಟದ, ನೀರು ಎತ್ತರದಲ್ಲಿ ಕಟ್ಟಿದ ನಿಶಾನೆ ಬಟ್ಟೆಗೆ ತಾಗುವ ಚಿತ್ರ ತೆಗೆದಿದ್ದೇನೆ, 12x18 ಪ್ರಿಂಟ್ ಹಾಕಿದರೂ ಚೂಪಾಗಿದೆ.

ಮೊದಲ ಸೀಸನ್ ಪೂರ್ತಿ ಹಾಳು. ಫ್ಲಡ್‌ಲೈಟಿನಲ್ಲಿ 250ಕ್ಕೆ ಹೋದರೆ ಲೆನ್ಸಿನ ಕಿಂಡಿ ಎಫ್/5.6ಕ್ಕೆ ಕಿರಿದಾಗುತ್ತದೆ, ಕ್ಯಾಮೆರಾದ ಬೆಳಕಿನ ಸಂವೇದನೆ ಐಎಸ್‌ಒ 6400ಕ್ಕೆ ಏರಿಸಿದರೂ ಕಪ್ಪು ಕಪ್ಪು. ಫೋಕಸ್ ಹುಡುಕುವುದರೊಳಗೆ ಕೋಣ ಮಂಜೊಟ್ಟಿ (ಓಟ ಮುಗಿಯುವ ದಿಬ್ಬ) ಏರಿರುತ್ತಿತ್ತು. 2020ರಲ್ಲಿ ಐಕಳದಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನೆನಪಿದೆ ಅಲ್ವಾ? ಸೆಕೆಂಡಿಗೆ ಹತ್ತು ಮೀಟರ್. ಎದುರಿನಿಂದ ಆ ವೇಗದಲ್ಲಿ ಬಂದರೆ ಈ ಲೆನ್ಸಿನ ಫೋಕಸ್ ಮೋಟಾರಿಗೆ ಆಗುವುದಿಲ್ಲ.

ಹಾಗಾಗಿ ಬೆನ್ನಟ್ಟುವುದನ್ನೇ ಬಿಟ್ಟೆ. ಕನೆಹಲಗೆಯಲ್ಲಿ ನೀರು ಎಲ್ಲಿ ಚಿಮ್ಮಬೇಕು ಎಂದು ನಿಶಾನೆಯೇ ತೋರಿಸುತ್ತದೆ. ಅದರ ಕಂಬಕ್ಕೆ ಫೋಕಸ್ ಮಾಡಿ ಮ್ಯಾನುವಲ್‌ಗೆ ಹಾಕಿ ಕಾಯುವುದು. ನಲವತ್ತು ಮೀಟರ್ ದೂರಕ್ಕೆ, 250ರಲ್ಲಿ, ಸುಮಾರು ಐದು ಮೀಟರ್ ಜಾಗ ಚೂಪಾಗಿರುತ್ತದೆ. ಕೋಣಗಳು ಅದನ್ನು ಅರ್ಧ ಸೆಕೆಂಡಿನಲ್ಲಿ ದಾಟುತ್ತವೆ. ನನ್ನ ಕ್ಯಾಮೆರಾ ಸೆಕೆಂಡಿಗೆ 5 ಫ್ರೇಮ್. ಅಂದರೆ ಓಟಕ್ಕೆ ಎರಡೋ ಮೂರೋ ಚಿತ್ರ, ಅಷ್ಟೇ.

ಇಲ್ಲೂ ಒಂದು ಪೆಟ್ಟು ತಿಂದೆ. ಹಳೆ ಲೆನ್ಸಿನಲ್ಲಿ ಮಾಡುವ ಹಾಗೆ ಫೋಕಸ್ ರಿಂಗಿಗೆ ಟೇಪ್ ಅಂಟಿಸಿ ಗುರುತು ಹಾಕಿದೆ. ಈ ರಿಂಗ್ ಸುತ್ತುತ್ತಲೇ ಇರುತ್ತದೆ, ದೂರದ ಗುರುತೂ ಇಲ್ಲ, ಕ್ಯಾಮೆರಾ ಮಲಗಿದರೆ ತಿರುಗಿಸಿಯೂ ಪ್ರಯೋಜನ ಇಲ್ಲ. ಹಾಗಾಗಿ ಆಟೋ ಪವರ್ ಆಫ್ ತೆಗೆದುಬಿಟ್ಟೆ. ಬ್ಯಾಟರಿ ಜಾಸ್ತಿ ತಿನ್ನುತ್ತದೆ, ಎರಡು ಇಟ್ಟುಕೊಳ್ಳಿ.

ರಾತ್ರಿಯ ಆಸೆಯನ್ನೂ ಬಿಟ್ಟೆ. ಓಟ ಬೆಳಗಿನವರೆಗೆ ನಡೆಯುತ್ತದಲ್ಲ, ಎಂಟು ಗಂಟೆಯ ಓರೆ ಬಿಸಿಲು ನೀರಿನ ಹಿಂದೆ ಬಂದಾಗ ಶಟರ್ 1/1600 ಸೆಕೆಂಡ್, ಐಎಸ್‌ಒ 800 ಸಾಕು. ಒಂದೊಂದು ಹನಿಯೂ ಬಿಡಿಬಿಡಿಯಾಗಿ ನಿಲ್ಲುತ್ತದೆ. ಯಾವ ಬದಿಯಲ್ಲಿ ನಿಲ್ಲುತ್ತೇನೆ, ಯಾವಾಗ ಬಟನ್ ಒತ್ತುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ನಾನು ಮೂರು ವರ್ಷ ಕೊಟ್ಟಿದ್ದೇನೆ. ಕಳೆದ ಸಲ ಆರುನೂರರಲ್ಲಿ ಹದಿನಾಲ್ಕು ಚಿತ್ರ ಉಳಿಸಿಕೊಂಡೆ.

ಈ ಲೆನ್ಸಿನ ದೊಡ್ಡ ಗುಣ ತೂಕ. 375 ಗ್ರಾಂ, ರಾತ್ರಿಯಿಡೀ ಕುತ್ತಿಗೆಯಲ್ಲಿದ್ದರೂ ಗೊತ್ತಾಗುವುದಿಲ್ಲ. ಮೌಂಟ್ ಪ್ಲಾಸ್ಟಿಕ್, ಕೆಸರು ನೀರಿಗೆ ತಡೆ ಇಲ್ಲ. 58 ಎಂಎಂ ಫಿಲ್ಟರ್ ಹಾಕದೆ ಕರೆಯ ಹತ್ತಿರ ಹೋಗಬೇಡಿ.

ಮಲ್ಪೆ ಬಂದರಿನಲ್ಲಿ ಗರುಡಗಳ ಮೇಲೂ ಪ್ರಯತ್ನಿಸಿದೆ. ಮೀನಿಗೆ ಎರಗುವಾಗ ಹತ್ತರಲ್ಲಿ ಒಂದು ಸಿಗುತ್ತದೆ, 250 ಸಾಲದು. ಮಂಗಳೂರಿನ ಪಿಲಿಕುಳದಲ್ಲಿ ಚಿಟ್ಟೆಗೆ ಮಾತ್ರ ಭಾರಿ ಚಂದ, 85 ಸೆಂಟಿಮೀಟರ್ ಹತ್ತಿರ ಹೋಗಬಹುದು.

ನಮ್ಮ ಮಳೆಗಾಲದ ವಿಷಯ. ಮೊದಲಿದ್ದ 70-300ಕ್ಕೆ ಫಂಗಸ್ ಹಿಡಿದು, ಕ್ಲೀನ್ ಮಾಡಲು ಮೂರೂವರೆ ಸಾವಿರ ಕೇಳಿದರು. ಲೆನ್ಸಿನ ಅರ್ಧ ಬೆಲೆ! ತೇವ ಎಳೆಯಲಿ ಎಂದು ಅಕ್ಕಿ ಡಬ್ಬಿಯಲ್ಲಿಟ್ಟೆ, ಪುಡಿ ಒಳಗೆ ಹೋಯಿತು. ಈಗ ಗಾಳಿಯಾಡದ ಡಬ್ಬಿ, ತೇವ ಹೀರುವ ನೀಲಿ ಸಿಲಿಕಾ ಜೆಲ್ ಹರಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ನೋಡುತ್ತೇನೆ. ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಹಳೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು, ಆರಿಸಿ, ಮತ್ತೆ ಹಾಕುತ್ತೇನೆ. ಆ ಬಾಣಲೆ ಅಡುಗೆಗೆ ಬಳಸಬೇಡಿ.