ಅಜ್ಜನ ಚಾಕುವಿನ ಕಪ್ಪು ಅಲಗು

ಇಂಗ್ಲೆಂಡಿನ ಶೆಫೀಲ್ಡಿಗೆ ಬಂದ ಮೊದಲ ಚಳಿಗಾಲ. ಒಂದು ಭಾನುವಾರ ಹಳೆ ಸಾಮಾನಿನ ಸಂತೆಯಲ್ಲಿ ಒಬ್ಬರು ತಗಡಿನ ತಟ್ಟೆ ತುಂಬ ಮಡಿಸುವ ಚಾಕುಗಳನ್ನು ಸುರಿದುಕೊಂಡು ಕೂತಿದ್ದರು. ಸುಮ್ಮನೆ ಒಂದನ್ನು ಎತ್ತಿಕೊಂಡು, ಉಗುರು ಸಿಕ್ಕಿಸಿ ಬಿಡಿಸಿದೆ. ಅಲಗಿನ ಬುಡದಲ್ಲಿ ಒಂದು ನಕ್ಷತ್ರ, ಪಕ್ಕದಲ್ಲಿ ಒಂದು ಶಿಲುಬೆ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಎಲ್ಲಿ ಅಂತ ಹೊಳೆದಾಗ ಕೈ ಹಾಗೇ ನಿಂತಿತು. ಕೊಪ್ಪದ ಹತ್ತಿರದ ನಮ್ಮ ಮನೆ ಜಗಲಿಯಲ್ಲಿ, ಅಜ್ಜನ ಎಲೆಯಡಿಕೆ ತಟ್ಟೆಯಲ್ಲಿ.

ಅದು ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯ ಗುರುತು. ಬ್ರಿಟಿಷರ ಕಾಲದಲ್ಲಿ ಈ ಹೆಸರಿನ ಚಾಕುಗಳು ಪ್ರಪಂಚದ ಮೂಲೆಮೂಲೆಗೆ ಹೋಗುತ್ತಿದ್ದವು, ಜೊತೆಗೆ ಅದರ ನಕಲುಗಳೂ. ಮುಂದಿನ ಸಲ ಊರಿಗೆ ಹೋದಾಗ ಅಪ್ಪನನ್ನು ಕೇಳಿ ಅಜ್ಜನ ಚಾಕು ತಂದೆ. ಗುರುತು ಅರ್ಧ ಸವೆದಿತ್ತು. ಭೂತಗನ್ನಡಿ ಹಿಡಿದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಅಸಲಿಯೇ. ನನ್ನ ಸಂಗ್ರಹ ಶುರುವಾದದ್ದು ಹೀಗೆ. ಈಗ 41 ಚಾಕುಗಳಿವೆ, ಒಂದನ್ನು ಬಿಟ್ಟರೆ ಎಲ್ಲವೂ ಬೆನ್ನಿಗೆ ಸ್ಪ್ರಿಂಗ್ ಇರುವ, ಬಿಡಿಸಿದ ಅಲಗನ್ನು ಬಿಗಿಹಿಡಿಯುವ ಲಾಕ್ ಇಲ್ಲದ ಹಳೇ ಕ್ರಮದವು. ಇಲ್ಲಿಯ ಕಾನೂನೂ ಅದಕ್ಕೆ ಹೊಂದುತ್ತದೆ. ಮಡಿಸಲು ಬರುವ, ಲಾಕ್ ಇಲ್ಲದ, ಬಾಯಿ 3 ಇಂಚಿಗಿಂತ ಉದ್ದವಿಲ್ಲದ ಚಾಕುವನ್ನು ಮಾತ್ರ ಕಾರಣ ಕೊಡದೆ ಜೇಬಿನಲ್ಲಿ ಇಟ್ಟುಕೊಳ್ಳಬಹುದು. ಆಸೆಪಟ್ಟು ಕೊಂಡ ಫ್ರಾನ್ಸಿನ 8ನೇ ನಂಬರಿನ ಓಪಿನೆಲ್ ಚಾಕುವಿಗೆ ತಿರುಗಿಸುವ ಉಂಗುರದ ಲಾಕ್ ಇದೆ, ಅಲಗು 8.5 ಸೆಂ.ಮೀ. ಹಾಗಾಗಿ ಅದು ಅಡುಗೆಮನೆ ಬಿಟ್ಟು ಹೊರಗೆ ಹೋಗುವುದಿಲ್ಲ.

ಹೊಸದಾಗಿ ಶುರುಮಾಡುವವರು ಮೊದಲು ನೋಡುವುದು ಹಿಡಿಯನ್ನು. ನಾನೂ ಹಾಗೇ ಮಾಡಿದ್ದೆ. ಈಗ ಮೊದಲು ಕಿವಿಗೊಡುತ್ತೇನೆ. ಚಾಕು ಬಿಡಿಸುವಾಗ ಸ್ಪ್ರಿಂಗ್ ಎಳೆತ ಒಂದೇ ಸಮನೆ ಇರಬೇಕು, ಕೊನೆಯಲ್ಲಿ 'ಟಕ್' ಅನ್ನಬೇಕು. ಮಡಿಸುವಾಗಲೂ ಅಷ್ಟೇ. ಈ ನಡೆಗೂ ಸದ್ದಿಗೂ ಇಂಗ್ಲಿಷ್ ಚಾಕು ಪ್ರಿಯರು 'ವಾಕ್ ಅಂಡ್ ಟಾಕ್' ಅನ್ನುತ್ತಾರೆ. ಆಮೇಲೆ ಬೆಳಕಿಗೆ ಹಿಡಿಯುತ್ತೇನೆ. ಸ್ಪ್ರಿಂಗಿಗೂ ಹಿಡಿಯ ಒಳಗಿನ ಹಿತ್ತಾಳೆ ತಗಡಿಗೂ ನಡುವೆ ಬೆಳಕಿನ ಗೆರೆ ಕಂಡರೆ ಜೋಡಣೆ ಸಡಿಲ. ಅಲಗನ್ನು ಎಡಬಲ ಅಲ್ಲಾಡಿಸಿ ನೋಡುತ್ತೇನೆ. ಹಳೇ ಚಾಕುವಾದರೆ ಎಷ್ಟು ಮಸೆದಿದ್ದಾರೆ ಅನ್ನುವುದು ಮುಖ್ಯ. ಮಡಿಸಿದಾಗ ತುದಿ ಹಿಡಿಯೊಳಗೆ ಕೂರದೆ ಮೇಲಕ್ಕೆ ಎದ್ದು ಕಂಡರೆ ಮಸೆದು ಮಸೆದು ಅಲಗು ಸವೆದುಹೋಗಿರಬಹುದು. ಹಿಡಿ ಎಷ್ಟೇ ಚೆಂದವಿರಲಿ, ಇವು ಕೆಟ್ಟಿದ್ದರೆ ನಾನು ಕೊಳ್ಳುವುದಿಲ್ಲ.

ಇನ್ನು ಹಿಡಿಯ ವಿಷಯ. ಸಂಗ್ರಾಹಕರು ಅತಿ ಹೆಚ್ಚು ಆಸೆಪಡುವುದು ಜಿಂಕೆ ಜಾತಿಯ ಕೊಂಬಿನ ಹಿಡಿಗೆ, ಅದರಲ್ಲೂ ನಮ್ಮ ಕಡವೆಯ ಕೊಂಬಿಗೆ. ಬೇರೆ ಜಿಂಕೆಗಳ ಕೊಂಬಿನಲ್ಲಿ ಒಳಗೆ ಸ್ಪಂಜಿನಂಥ ತಿರುಳು ದಪ್ಪಗಿರುತ್ತದೆ. ಕಡವೆ ಕೊಂಬು ಹೆಚ್ಚೂಕಡಿಮೆ ಪೂರ್ತಿ ಗಟ್ಟಿ, ತೆಳುವಾಗಿ ಸೀಳಿದರೂ ಒಡೆಯುವುದಿಲ್ಲ, ಮೇಲಿನ ತೊಗಟೆಯ ಏರಿಳಿತ ಬೆರಳಿಗೆ ಹಿಡಿತ ಕೊಡುತ್ತದೆ. ಗಂಡು ಕಡವೆ ಸಾಮಾನ್ಯವಾಗಿ ಪ್ರತಿವರ್ಷ ಕೊಂಬು ಉದುರಿಸುತ್ತದೆ. ಹಾಗೆ ಬಿದ್ದ ಕೊಂಬುಗಳು ಭಾರತದಿಂದ ಹಡಗು ಹತ್ತಿ ಶೆಫೀಲ್ಡಿಗೂ ಜರ್ಮನಿಯ ಸೋಲಿಂಗೆನ್‌ಗೂ ಬರುತ್ತಿದ್ದವು. 1990ರ ದಶಕದ ಕೊನೆಗೆ ಭಾರತ ಈ ರಫ್ತು ನಿಲ್ಲಿಸಿತು, ಈಗ ಇಲ್ಲಿ ಸಿಗುವ ಭಾರತದ ಕೊಂಬು ಹಳೇ ದಾಸ್ತಾನಿನದ್ದು. ಅಜ್ಜನ ಚಾಕುವಿನ ಹಿಡಿಯೂ ಇದೇ ಕೊಂಬಿನದ್ದು. ನಮ್ಮ ಕಡೆಯ ಯಾವುದೋ ಕಾಡಿನಲ್ಲಿ ಬಿದ್ದ ಕೊಂಬು ಶೆಫೀಲ್ಡಿಗೆ ಬಂದು, ಚಾಕುವಿನ ಹಿಡಿಯಾಗಿ ಮತ್ತೆ ಘಟ್ಟ ಹತ್ತಿ ಅಜ್ಜನ ಕೈ ಸೇರಿತೋ ಏನೋ. ಅಜ್ಜನ ಹೆಬ್ಬೆರಳು ಕೂರುತ್ತಿದ್ದ ಜಾಗದಲ್ಲಿ ತೊಗಟೆ ಸವೆದು ಜೇನಿನ ಬಣ್ಣಕ್ಕೆ ತಿರುಗಿದೆ. ನನ್ನ ಹೆಬ್ಬೆರಳೂ ಸರಿಯಾಗಿ ಅಲ್ಲೇ ಕೂರುತ್ತದೆ.

ಆ ಚಾಕುವನ್ನು ಊರಿಂದ ತರುವಾಗ ವನ್ಯಜೀವಿ ಕಾಯ್ದೆಯ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ತರುತ್ತಿರಲಿಲ್ಲ. ಅದಕ್ಕೇ ಓದುವವರಿಗೆ ಒತ್ತಿ ಹೇಳುತ್ತೇನೆ: ಕಡವೆ ಕೊಂಬಿನ ವಸ್ತುವನ್ನು ಗಡಿ ದಾಟಿಸುವ ಮುಂಚೆ ಕಾನೂನು ಕೇಳಿ ತಿಳಿದುಕೊಳ್ಳಿ. ಕಾಡಿನಲ್ಲಿ ಬಿದ್ದ ಕೊಂಬು ಕಂಡರೂ ಎತ್ತಿಕೊಳ್ಳಬೇಡಿ.

ಕೊಂಬೆಂದು ಹೇಳಿ ಪ್ಲಾಸ್ಟಿಕ್ ಮಾರುವವರೂ ಇದ್ದಾರೆ. ಒಬ್ಬ ವ್ಯಾಪಾರಿಯಿಂದ ನಾನು ಹಾಗೆ ಒಂದು ಕೊಂಡಿದ್ದೆ. ಮನೆಗೆ ಬಂದು ನೋಡಿದರೆ ಹಿಡಿಯ ಎರಡು ಮಗ್ಗುಲಲ್ಲೂ ಒಂದೇ ಗೀರು, ಒಂದೇ ಗುಳಿ. ಒಂದೇ ಅಚ್ಚಿನಲ್ಲಿ ಎರಡು ಸಲ ಎರಕ ಹೊಯ್ದದ್ದು. ನಿಜವಾದ ಕೊಂಬಿನಲ್ಲಿ ಎರಡು ಮಗ್ಗುಲು ಯಾವತ್ತೂ ಒಂದೇ ಥರ ಇರುವುದಿಲ್ಲ. ಎಲುಬಿನ ಹಿಡಿಯನ್ನು ಗುರುತಿಸುವುದು ಇನ್ನೂ ಸುಲಭ. ನುಣುಪಾದ ಜಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕೆ, ಗೆರೆಗಳು ಕಾಣುತ್ತವೆ. ಅವು ರಕ್ತನಾಳ ಹಾದುಹೋಗಿದ್ದ ದಾರಿಗಳು. ಎಲುಬು ಗಟ್ಟಿ, ಬಣ್ಣ ಚೆನ್ನಾಗಿ ಕುಡಿಯುತ್ತದೆ, ಬೆಲೆಯೂ ಕಡಿಮೆ. ಆದರೆ ಅದು ದನದ ಎಲುಬು, ಹಾಗಾಗಿ ನಮ್ಮ ಅಮ್ಮನ ಅಡುಗೆಮನೆಗೆ ಹೋಗುವಂತಿಲ್ಲ. ಎಮ್ಮೆ ಕೊಂಬು ಕಪ್ಪಗೆ ಮಿರಮಿರ ಹೊಳೆಯುತ್ತದೆ, ಆದರೆ ಹೀಟರಿನ ಒಣ ಗಾಳಿಗೆ ಪದರ ಬಿಟ್ಟು ಸೆಟೆದುಕೊಳ್ಳುತ್ತದೆ. ಹುಳ ತಿನ್ನುವ ಭಯವೂ ಇದೆ. ಆನೆದಂತ ನಾನು ಮುಟ್ಟುವುದಿಲ್ಲ. ಇಲ್ಲಿ 2022ರಿಂದ ಅದರ ವ್ಯಾಪಾರವೇ ಬಹುಪಾಲು ನಿಷಿದ್ಧ. ನಿಷೇಧ ಇಲ್ಲದಿದ್ದರೂ ಮುಟ್ಟುತ್ತಿರಲಿಲ್ಲ.

ದಿನಾ ಬಳಸುವ ಚಾಕುವಿಗೆ ನನ್ನ ಆಯ್ಕೆ ಮರ. ಅದರಲ್ಲೂ ಬೀಟೆ. ಅದರ ಎಣ್ಣೆಯಂಶ ಒದ್ದೆಯನ್ನು ಬೇಗ ಒಳಗೆ ಬಿಡುವುದಿಲ್ಲ, ವರ್ಷಕ್ಕೆರಡು ಸಲ ಒಂದು ತೊಟ್ಟು ಎಣ್ಣೆ ಸವರಿದರೆ ಸಾಕು. ಓಪಿನೆಲ್ಲಿನ ಬೀಚ್ ಮರ ಹಾಗಲ್ಲ. ತೊಳೆದು ಹಾಗೇ ಬಿಟ್ಟರೆ ಉಬ್ಬಿ, ಅಲಗನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಹಿಡಿಯ ಹಿಂತುದಿಯನ್ನು ಮೇಜಿಗೆ ಕುಟ್ಟಿ ಅಲಗನ್ನು ಹೊರಗೆ ಬರಿಸಬೇಕು.

ಈಗ ನನ್ನ ಕೈಯಿಂದಲೇ ಆದ ಅನಾಹುತ ಹೇಳಬೇಕು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎರಡು ಒಳ್ಳೇ ಚಾಕು ಉಳಿಯುತ್ತಿದ್ದವು. ಆಮೆಚಿಪ್ಪಿನ ಹಾಗೆ ಕೆಂಪು ಕಂದು ಮಿಂಚುವ ಹಿಡಿಯ ಹಳೇ ಚಾಕುವೊಂದು ಸಿಕ್ಕಿತು. ಹಿಡಿ ಸೆಲ್ಯುಲಾಯ್ಡ್, ಅಂದರೆ ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಪಳಗಿಸಿ ಕರ್ಪೂರ ಸೇರಿಸಿ ಮಾಡಿದ ಹಳೇ ಕಾಲದ ಪ್ಲಾಸ್ಟಿಕ್. ಬೆರಳಿಂದ ಉಜ್ಜಿದರೆ ಕರ್ಪೂರದ ವಾಸನೆ ಬರುತ್ತಿತ್ತು, ದೇವರಮನೆಯ ನೆನಪಾಗುತ್ತಿತ್ತು. ಇನ್ನೂ ಆರು ಚಾಕುಗಳ ಜೊತೆ ಅದನ್ನೂ ಬಟ್ಟೆ ಹಾಸಿದ ಬಿಸ್ಕತ್ತು ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿಯಾಗಿ ಹಾಕಿ, ಎರಡು ತಿಂಗಳು ಊರಿಗೆ ಹೋದೆ.

ವಾಪಸು ಬಂದು ಮುಚ್ಚಳ ತೆಗೆದಾಗ ಮೂಗಿಗೆ ಹೊಡೆದದ್ದು ಕರ್ಪೂರವಲ್ಲ, ಹುಳಿ ಘಾಟು. ಸೆಲ್ಯುಲಾಯ್ಡ್ ಹಳತಾದಂತೆ ತನ್ನಷ್ಟಕ್ಕೇ ಕೆಡುತ್ತದೆ. ಅದರಿಂದ ಹೊರಡುವ ನೈಟ್ರೋಜನ್ ಆಕ್ಸೈಡ್ ಅನಿಲ ಗಾಳಿಯ ತೇವ ಸೇರಿ ಆಮ್ಲವಾಗುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಅದು ಎಲ್ಲೂ ಹೋಗಲಾರದು. ಹಿತ್ತಾಳೆ ಹಸಿರು ಕಟ್ಟಿತ್ತು. ಪಕ್ಕದ ಎರಡು ಚಾಕುಗಳ ಅಲಗು ಪುಡಿಪುಡಿ ಕೆಂಪು ತುಕ್ಕಾಗಿ, ಒರೆಸಿದರೆ ಕೆಳಗೆ ಗುಳಿ ಬಿದ್ದಿದ್ದವು. ಅಜ್ಜನ ಚಾಕು ಡಬ್ಬಿಯ ಆ ತುದಿಯಲ್ಲಿತ್ತು. ಬೆನ್ನಿನ ಸ್ಪ್ರಿಂಗ್ ಮೇಲೆ ಅಕ್ಕಿಕಾಳಿನಷ್ಟು ತುಕ್ಕು ಕೂತಿತ್ತು. ಎಣ್ಣೆ ಹಾಕಿ, ಅತಿ ನುಣುಪಿನ ಸ್ಟೀಲ್ ನಾರಿನಿಂದ ಎರಡು ಸಂಜೆ ಮೆಲ್ಲಗೆ ತಿಕ್ಕಿದ ಮೇಲೆ ಹೋಯಿತು. ಅಂದಿನಿಂದ ಸೆಲ್ಯುಲಾಯ್ಡ್ ಚಾಕು ಬೇರೆ ಕೋಣೆಯಲ್ಲಿ, ಗಾಳಿಯಾಡುವ ಮರದ ತಟ್ಟೆಯಲ್ಲಿ ಒಂಟಿಯಾಗಿರುತ್ತದೆ, ಬೆಂಕಿಯಿಂದ ದೂರ, ಯಾಕೆಂದರೆ ಅದಕ್ಕೆ ಬೇಗ ಬೆಂಕಿ ಹಿಡಿಯುತ್ತದೆ. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡುವುದನ್ನೂ ಬಿಟ್ಟೆ. ಚರ್ಮ ತೇವ ಹಿಡಿದಿಟ್ಟುಕೊಂಡು ತುಕ್ಕು ಬರಿಸುತ್ತದೆ.

ಅಲಗಿನ ವಿಷಯಕ್ಕೆ ಬಂದರೆ, ಈ ಊರಿನ ಇತಿಹಾಸವೆಲ್ಲ ಅದರಲ್ಲೇ ಇದೆ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ, ಅಂದರೆ ಕಡು ಬಿಸಿ ತಡೆಯುವ ಮಣ್ಣಿನ ಕುಡಿಕೆಯಲ್ಲಿ, ಉಕ್ಕು ಕರಗಿಸಿ ಎರಕ ಹೊಯ್ದದ್ದು ಇಲ್ಲೇ. 1913ರಲ್ಲಿ ಹ್ಯಾರಿ ಬ್ರೇರ್ಲಿ ಸುಮಾರು ಶೇ. 13 ಕ್ರೋಮಿಯಂ ಸೇರಿಸಿ ತುಕ್ಕು ಹಿಡಿಯದ ಉಕ್ಕು ಮಾಡಿದ್ದೂ ಇಲ್ಲೇ. ಆಗ ಇದೇ ಊರಿನ ಚಾಕು ಕಸುಬುದಾರರು ಅವನನ್ನು 'ಕೊಯ್ಯದ ಚಾಕು ಕಂಡುಹಿಡಿದವನು' ಎಂದು ಆಡಿಕೊಂಡರಂತೆ. ಮೂಸೆ ಉಕ್ಕಿನ ಕಥೆ ಓದುತ್ತಾ ಹೋದಾಗ ನಮ್ಮ ನಾಡೇ ಎದುರಾಯಿತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಓದಿದ ಪ್ರಬಂಧ 'ವೂಟ್ಸ್' ಎಂಬ ಭಾರತದ ಉಕ್ಕಿನ ಬಗ್ಗೆ. ಅವನಿಗಾಗಿ ಅದನ್ನು ಕಾಯಿಸಿ ಬಡಿದು ಪೆನ್‌ನೈಫ್ ಮಾಡಿದವನು ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್. ವೂಟ್ಸ್ ಅನ್ನುವುದು ನಮ್ಮ 'ಉಕ್ಕು' ಶಬ್ದದಿಂದಲೇ ಬಂದದ್ದೆಂದು ಬಹಳ ವಿದ್ವಾಂಸರ ಮತ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಅಂಥ ಉಕ್ಕಿನ ಮೂಸೆಗಳ ಚೂರುಗಳು ಸಿಕ್ಕಿವೆ. ಇದನ್ನು ಓದಿದ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಪೂರ್ತಿ ಹೇಳಿದೆ.

ಬಳಸುವವನ ಲೆಕ್ಕದಲ್ಲಿ ಸಾಂಪ್ರದಾಯಿಕ ಜೇಬುಚಾಕುವಿನ ಉಕ್ಕು ಎರಡೇ ಬಗೆ, ಕಾರ್ಬನ್ ಮತ್ತು ಸ್ಟೇನ್‌ಲೆಸ್. ಅಮೆರಿಕದ ಚಾಕುಗಳಲ್ಲಿ ಕಾಣುವ 1095 ಎಂಬ ಉಕ್ಕಿನಲ್ಲಿ ಕಾರ್ಬನ್ ಸುಮಾರು ಶೇ. 0.95. ಓಪಿನೆಲ್ಲಿನ ಕಾರ್ಬನ್ ಅಲಗಿನಲ್ಲೂ ಹತ್ತಿರ ಹತ್ತಿರ ಅಷ್ಟೇ. ಇವು ಮಸೆಯುವ ಕಲ್ಲಿಗೆ ಬೇಗ ಒಲಿಯುತ್ತವೆ. ಹತ್ತು ಎಳೆತಕ್ಕೆ ಬಾಯಿ ವಾಪಸು ಬರುತ್ತದೆ, ಹೆಬ್ಬೆರಳಿಗೆ ಗೊತ್ತಾಗುತ್ತದೆ. ಹಳೇ ಮಾದರಿಯ ಚಾಕುಗಳಿಗೆ ಹಾಕುವ ಮೆದು ಸ್ಟೇನ್‌ಲೆಸ್ಸಿನಲ್ಲಿ ಮಸೆದಾಗ ಅಂಚಿಗೆ ತೆಳು ಮುಳ್ಳು ಏಳುತ್ತದೆ, ಅದು ಕಲ್ಲಿನ ಈ ಕಡೆಯಿಂದ ಆ ಕಡೆಗೆ ಬಾಗುತ್ತದೆಯೇ ಹೊರತು ಬೇಗ ಬಿಡುವುದಿಲ್ಲ. ಕೊನೆಗೆ ಒತ್ತಡ ಪೂರ್ತಿ ಕಡಿಮೆ ಮಾಡಿ, ಒಂದೊಂದು ಮಗ್ಗುಲಿಗೆ ಒಂದೊಂದೇ ಎಳೆತ ಕೊಟ್ಟು, ಚರ್ಮದ ಪಟ್ಟಿಯ ಮೇಲೆ ಉಜ್ಜಿ ತೆಗೆಯಬೇಕು. ಚರ್ಮದ ಮೇಲೆ ಅಲಗು ಯಾವಾಗಲೂ ಬೆನ್ನ ಕಡೆಗೇ ಹೋಗಬೇಕು.

ಕಾರ್ಬನ್ ಅಲಗು ಬಣ್ಣ ತಿರುಗುವುದನ್ನು ಕಂಡು ಹೊಸಬರು ಹೆದರುತ್ತಾರೆ. ಬೂದು, ನೀಲಿ, ಕಪ್ಪು ಬಣ್ಣ ಕೆಟ್ಟದ್ದಲ್ಲ, ಅದು ಅಲಗನ್ನು ಕಾಯುವ ಪದರ. ಕೆಂಪು ಬಂದರೆ ಮಾತ್ರ ತುಕ್ಕು. ಮೇ ತಿಂಗಳಲ್ಲಿ ಇಲ್ಲಿಗೆ ಆಪೂಸು ಬಂದಾಗ ನನ್ನ ಲ್ಯಾಂಬ್‌ಫುಟ್ ಚಾಕುವಿನಲ್ಲೇ ಹೋಳು ಮಾಡುತ್ತೇನೆ. ಅದು ನೇರ ಬಾಯಿಯ ಶೆಫೀಲ್ಡ್ ಮಾದರಿ, ಹಲಗೆಯ ಮೇಲೆ ಕೊಯ್ಯಲು ಬಹಳ ಅನುಕೂಲ. ಹುಳಿ ತಾಗಿದ ಕಡೆ ನವಿಲುಗರಿಯ ಹಾಗೆ ನೀಲಿ ಏಳುತ್ತದೆ. ಅಜ್ಜನ ಅಲಗು ಮಾತ್ರ ಗಾಢ ಕಪ್ಪು. ವರ್ಷಗಟ್ಟಲೆ ಅಡಿಕೆ ಹೋಳು ಮಾಡಿದ್ದಕ್ಕೆ ಹಾಗಾದದ್ದು. ಅಡಿಕೆಯ ಚೊಗರಿನ ಟ್ಯಾನಿನ್ ಕಬ್ಬಿಣಕ್ಕೆ ಸೇರಿದರೆ ಶಾಯಿಯಂಥ ಕಪ್ಪಾಗುತ್ತದೆ, ಹಳೇ ಕಾಲದಲ್ಲಿ ಶಾಯಿಯನ್ನೂ ಟ್ಯಾನಿನ್ ಮತ್ತು ಕಬ್ಬಿಣದ ಉಪ್ಪಿನಿಂದಲೇ ಮಾಡುತ್ತಿದ್ದರು. ಒಬ್ಬರು ಅದನ್ನು ಪಾಲಿಶ್ ಮಾಡಿ ಫಳಫಳ ಮಾಡಿಕೊಡುತ್ತೇನೆ ಅಂದರು. ಬೇಡ ಅಂದೆ. ಆ ಕಪ್ಪು ಅಜ್ಜನದ್ದು.

ಹೋದ ಸಲ ಊರಿಗೆ ಹೋಗುವಾಗ ಅಪ್ಪನಿಗೆ ಒಂದು ಹೊಸ ಲ್ಯಾಂಬ್‌ಫುಟ್ ಒಯ್ದೆ. ಮಲೆನಾಡಿನ ಮಳೆ, ಜೂನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೂ ಒಣಗದ ಊರು, ಕಾರ್ಬನ್ ಬಾಳದು ಅಂತ ಯೋಚಿಸಿ ಸ್ಟೇನ್‌ಲೆಸ್ ಆರಿಸಿದ್ದೆ. ಹಿಡಿ ಮರದ್ದು. ಅಪ್ಪ ಜಗಲಿಯಲ್ಲಿ ಕೂತು ಅಡಿಕೆ ಹೋಳು ಮಾಡಿ, ಅಲಗನ್ನು ಪಂಚೆಯ ಅಂಚಿಗೆ ಒರೆಸಿ, ಮಡಿಸಿದರು. ಮತ್ತೊಂದು ಅಡಿಕೆ, ಮತ್ತೆ ಒರೆಸಿದರು. ಅಜ್ಜನೂ ಹೀಗೇ ಮಾಡುತ್ತಿದ್ದರು. ಅಷ್ಟು ಮಳೆಯಲ್ಲೂ ಅವರ ಚಾಕು ಯಾಕೆ ತುಕ್ಕು ಹಿಡಿಯಲಿಲ್ಲ ಅನ್ನುವುದು ನನಗೆ ಅಲ್ಲಿ ಕೂತು ನೋಡುವಾಗ ಗೊತ್ತಾಯಿತು.

"ಚಾಕು ಚಲೋ ಇದೆ ಮಾರಾಯ," ಅಂದರು ಅಪ್ಪ, ಅಲಗನ್ನು ಬೆಳಕಿಗೆ ತಿರುಗಿಸಿ. "ಆದರೆ ಇದು ಬಣ್ಣವೇ ಹಿಡಿಯುವುದಿಲ್ಲವಲ್ಲ."

ಈ ಡಿಸೆಂಬರಿಗೆ ಕಾರ್ಬನ್ನಿನದ್ದೊಂದು ತೆಗೆದಿಟ್ಟಿದ್ದೇನೆ. ಸ್ಪ್ರಿಂಗ್ ಬಿಗಿಯಾಗಿದೆ, ಮಡಿಸಿದರೆ 'ಟಕ್' ಅನ್ನುತ್ತದೆ, ಬಾಯಿಯನ್ನು ಕಲ್ಲಿನ ಮೇಲೆ ನಾನೇ ತಂದಿದ್ದೇನೆ. ಅಲಗು ಇನ್ನೂ ಬೆಳ್ಳಗಿದೆ.